ಮಸೂರಿಕೆ, ಸೀತಾಳೆ, ‘ಮಂಗನ ಸಿಡುಬು’: ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಒಂದು ನಾಮವಿಚಾರ

ಹೋದ ಮಳೆಗಾಲದಲ್ಲಿ, ಕಳಸದ ಕಡೆ ಸರ್ಕಾರದ ಆರೋಗ್ಯ ಕೇಂದ್ರವೊಂದರಲ್ಲಿ ಕೆಲಸದಲ್ಲಿರುವ ತರುಣ ವೈದ್ಯರೊಬ್ಬರು ನನ್ನಲ್ಲಿಗೆ ದಯಮಾಡಿಸಿದ್ದರು. ಅವರ ಕೈಯಲ್ಲಿ ಒಂದು ಹಸ್ತಪತ್ರದ ಕರಡು ಇದ್ದಿತು. ಕೆಲವು ವರ್ಷಗಳಿಂದ ದೇಶದೇಶಗಳಲ್ಲಿ ತಲೆದೋರುತ್ತಿರುವ ‘ಎಂಪಾಕ್ಸ್’ ಎಂಬ ರೋಗದ ವಿಷಯವಾಗಿ ಕಾಫಿತೋಟದ ಲೈನುಗಳಲ್ಲಿ ಹಂಚುವುದಕ್ಕೆಂದು ಅದನ್ನು ಸಿದ್ಧಪಡಿಸಿದ್ದರು. ಅವರ ಕೋರಿಕೆಗಳು ಎರಡು. ಆ ರೋಗಕ್ಕೆ ಕನ್ನಡದಲ್ಲಿ ‘ಮಂಗನ ಸಿಡುಬು’ ಎಂದು ಬರೆದಿರುವುದು ಸಾಧುವೇ ಎಂಬುದು ಮೊದಲನೆಯದು. ಧನ್ವಂತರಿಯೋ ಚರಕನೋ ಇಂಥ ರೋಗದ ತಡೆಯನ್ನು ಕುರಿತು ಹೇಳಿದ ಶ್ಲೋಕವೊಂದನ್ನು ಪತ್ರದ ತಲೆಯ ಮೇಲೆ ಹಾಕಿಸಲು ಕೊಡಬೇಕೆಂಬುದು ಎರಡನೆಯದು. ಅಂಥದು ನನ್ನ ನೆನಪಿನಲ್ಲಿಲ್ಲವೆಂದು ಹೇಳಲು, ಅವರು ನಗುತ್ತ, “ಇಲ್ಲದಿದ್ದರೆ ತಾವೇ ಒಂದು ಅನುಷ್ಟುಪ್ಪನ್ನು ಕಟ್ಟಿಕೊಡಿ, ಶಾಸ್ತ್ರಿಗಳೇ. ಹಳೆಯದೆಂದರೆ ನಮ್ಮ ಜನ ಕೇಳುತ್ತಾರೆ” ಎಂದರು. ಅವರ ಉದ್ದೇಶ ನಿಷ್ಕಲ್ಮಷವಾದುದು. ಅನುಷ್ಟುಪ್ಪನ್ನು ಕಟ್ಟುವುದೂ ನನಗೆ ಕಷ್ಟವಾದುದಲ್ಲ. ಆದರೂ ಆ ದಿನ ನಾನು ಯಾವ ಉತ್ತರವನ್ನೂ ಕೊಡಲಾರದೆ ಹೋದೆನು. ಈ ಲೇಖನವು ಆ ಎರಡು ಕೋರಿಕೆಗಳಿಗೆ ಕೊಡುತ್ತಿರುವ, ಸ್ವಲ್ಪ ದೀರ್ಘವಾದ, ಪ್ರತ್ಯುತ್ತರ.

ಮೊದಲು ಹೆಸರಿನ ವಿಷಯ. ಮೈಮೇಲೆ ಗುಳ್ಳೆಗಳನ್ನೆಬ್ಬಿಸುವ ಜ್ವರಕ್ಕೆ ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಮಸೂರಿಕಾ ಎಂದು ಹೆಸರು. ಮಸೂರವೆಂದರೆ ನಾವು ಚನ್ನಂಗಿಬೇಳೆ ಎನ್ನುವ ಧಾನ್ಯ. ಅದರ ಕಾಳಿನ ಆಕಾರವೂ ಗಾತ್ರವೂ ಉಳ್ಳ ಗುಳ್ಳೆಗಳಾದುದರಿಂದ ಆ ಹೆಸರು ಬಂದಿತು. ಹೆಸರಿಟ್ಟವನು ಕಣ್ಣಿಗೆ ಕಂಡುದನ್ನು ಮಾತ್ರ ಹೇಳಿದ್ದಾನೆಯೇ ಹೊರತು ರೋಗವು ಎಲ್ಲಿಂದ ಬಂದಿತೆಂಬುದನ್ನು ಹೆಸರಿನಲ್ಲಿ ತುರುಕಿಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇದರ ಪ್ರಸ್ತಾಪವು ಬಹಳ ಸಂಕ್ಷೇಪವಾಗಿದೆ. ಸುಶ್ರುತನು ಇದನ್ನು ಕ್ಷುದ್ರರೋಗಗಳ ನಡುವೆ ಎಣಿಸಿಬಿಟ್ಟಿದ್ದಾನೆ. ಸುಮಾರು ಕ್ರಿ. ಶ. ೭೦೦ರ ಮಾಧವಕರನಿಗೆ ಬರುವ ವೇಳೆಗೆ ಮಾತ್ರ ಮಸೂರಿಕೆಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಈ ನಡುವಣ ಕಾಲದಲ್ಲಿ ರೋಗವು ಕ್ಷುದ್ರವಾಗಿ ಉಳಿಯದೆ ಮಾರಕವಾಗಿ ಬೆಳೆದಿರಬೇಕೆಂದು ಕೆಲವರು ಊಹಿಸುತ್ತಾರೆ. ಊಹೆ ಯುಕ್ತವೇ. ಆದರೆ ಗ್ರಂಥಕಾರನ ಅಭಿರುಚಿ ಬದಲಾದರೂ ಅಧ್ಯಾಯಗಳು ಉದ್ದವಾಗುವುದುಂಟು, ಇದನ್ನೂ ಮರೆಯಬಾರದು.

ಮಾಧವನ ಕ್ರಮವು ಗಮನಾರ್ಹವಾದುದು. ಗುಳ್ಳೆ ಏಳುವುದಕ್ಕೆ ಮುಂಚೆ ಜ್ವರ, ಮೈಮುರಿತ, ನವೆ, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು, ತಲೆತಿರುಗು, ಕಣ್ಣು ಕೆಂಪಾಗುವುದು ಎಂಬಿವನ್ನು ಆತ ಪೂರ್ವರೂಪವಾಗಿ ಹೇಳುತ್ತಾನೆ. ಅನಂತರ ಗುಳ್ಳೆಗಳ ಬಣ್ಣ, ಗಾತ್ರ, ನೋವು, ಪಾಕಗಳನ್ನು ವಿಂಗಡಿಸುತ್ತಾನೆ. ಆಮೇಲೆ ಅವು ಯಾವ ಧಾತುವನ್ನು ಹಿಡಿದಿವೆ ಎಂಬುದರ ಮೇಲೆ ಸಾಧ್ಯ, ಕಷ್ಟಸಾಧ್ಯ, ಅಸಾಧ್ಯಗಳನ್ನು ಗೊತ್ತುಮಾಡುತ್ತಾನೆ. ಹೀಗೆ ನಮ್ಮ ಶಾಸ್ತ್ರದ ನಿದಾನವು ಲಕ್ಷಣದಿಂದ ಹೆಸರಿಗೆ ಹೋಗುತ್ತದೆಯೇ ಹೊರತು ಹೆಸರಿನಿಂದ ಲಕ್ಷಣಕ್ಕೆ ಬರುವುದಿಲ್ಲ. ಇಷ್ಟನ್ನು ಹೇಳಿ, ಮಾಧವನ ಮಸೂರಿಕೆಯೇ ಇಂದಿನ ಎಂಪಾಕ್ಸ್ ಎಂದು ಸಾರುವವರನ್ನು ನಾನು ಒಪ್ಪಲಾರೆನು. ಆತನು ಕಂಡ ರೋಗಗಳಲ್ಲಿ ಸಿಡುಬು ಇದ್ದಿರಬಹುದು, ದಡಾರವಿದ್ದಿರಬಹುದು, ಸೀತಾಳೆ ಇದ್ದಿರಬಹುದು. ಆಫ್ರಿಕದ ಕಾಡಿನ ರೋಗವು ಇದ್ದಿತೆಂದು ಹೇಳುವುದಕ್ಕೆ ಆಧಾರವೇ ಇಲ್ಲ.

ಹದಿನಾರನೆಯ ಶತಮಾನದ ಭಾವಮಿಶ್ರನಲ್ಲಿ ಮಸೂರಿಕೆಯ ಪಕ್ಕದಲ್ಲಿಯೇ ಶೀತಲಾ ಎಂಬ ದೇವಿ ಬಂದು ಕುಳಿತಿದ್ದಾಳೆ. ಬೇವು, ತಂಪು, ಶೌಚ ಇವು ಅವಳ ಉಪಚಾರ. ನಮ್ಮ ಕನ್ನಡದ ಸೀತಾಳೆ ಸಿಡುಬಿನ ‘ಸೀತಾಳೆ’ಯು ಈ ಶೀತಲೆಯ ತದ್ಭವವೆಂದು ನನಗೆ ತೋರುತ್ತದೆ. ‘ಸಿಡುಬು’ ಎಂಬಲ್ಲಿ ಸಿಡಿ ಎಂಬ ಧಾತುವಿನ ನೆಂಟಸ್ತಿಕೆ ಕಿವಿಗೆ ಕೇಳಿಸುತ್ತದೆ. ಆದರೆ ಕಿವಿಯೊಂದನ್ನೇ ನಂಬಿ ನಾನು ಹಟ ಹಿಡಿಯುವುದಿಲ್ಲ. ಬಯಲುಸೀಮೆಯಲ್ಲಿ ದಡಾರಕ್ಕೆ ‘ಗೊಬ್ಬರ’ವೆಂಬ ಹೆಸರೂ ಉಂಟು. ಇವೆಲ್ಲದರ ಮೇಲೆ ‘ಅಮ್ಮ’ ಎಂಬ ಹೆಸರು ಹರಡಿಕೊಂಡಿದೆ. ಮಲೆನಾಡಿನ ಮನೆಯಲ್ಲಿ ‘ಮಗುವಿಗೆ ಅಮ್ಮ ಆಗಿದೆ’ ಎಂದರೆ ಅದು ಸಿಡುಬೋ ಸೀತಾಳೆಯೋ ದಡಾರವೋ ಎಂದು ಕೇಳುವವನೇ ಅವಿವೇಕಿ. ಅಂಥ ಮನೆಯಲ್ಲಿ ಬಾಗಿಲಿಗೆ ಬೇವಿನ ಸೊಪ್ಪನ್ನು ಸಿಕ್ಕಿಸುವರು, ಒಗ್ಗರಣೆ ಹಾಕರು, ಹೊರಗಿನವರು ಒಳಗೆ ಬರಕೂಡದು, ಹಕ್ಕಳೆ ಉದುರಿ ತಲೆಗೆ ನೀರು ಹಾಕುವವರೆಗೆ ರೋಗಿಯು ಹೊರಗೆ ಹೋಗಕೂಡದು. ಒಗ್ಗರಣೆಯ ಮಾತನ್ನು ಬಿಟ್ಟರೆ ಉಳಿದುದು ಇಂದಿನ ವೈದ್ಯರ ನಿಬಂಧನೆಗೆ ಬಹಳ ಹತ್ತಿರವಾಗಿದೆ. ಆದರೆ ಅದೇ ಮನೆಗೆ ‘ಅಮ್ಮನನ್ನು ನೋಡಿ ಬರೋಣ’ ಎಂದು ನೆರೆಯ ಹೆಂಗಸರು ಹಣ್ಣುಕಾಯಿ ಹಿಡಿದು ಬರುವುದನ್ನೂ, ಒಂದೇ ಕಂಬಳಿಯಲ್ಲಿ ಮೂರು ಮಕ್ಕಳು ಮಲಗುವುದನ್ನೂ ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಇನ್ನು, ಊರಿಗೆ ಬಂದ ಮಾರಿಯನ್ನು ಗಡಿ ದಾಟಿಸಿ ಬರುವ ಪದ್ಧತಿ. ನಮ್ಮೂರಿಗೆ ಅದು ರೋಗನಿವಾರಣೆಯೇ ಸರಿ. ಗಡಿಯಾಚೆಯ ಊರಿನವರು ಅದಕ್ಕೆ ಏನೆನ್ನುತ್ತಿದ್ದರೆಂಬುದನ್ನು ಯಾರೂ ಬರೆದಿಟ್ಟಂತಿಲ್ಲ.

ಅದಂತಿರಲಿ. ಹೊಸ ರೋಗದ ಹೆಸರಿನ ಕಥೆ ಹೀಗಿದೆ. ೧೯೫೮ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಪ್ರಯೋಗಶಾಲೆಯೊಂದರಲ್ಲಿ, ಸಿಂಗಪುರದಿಂದ ತರಿಸಿದ್ದ ಮಂಗಗಳ ಮೈಮೇಲೆ ಸಿಡುಬಿನಂಥ ಗುಳ್ಳೆಗಳು ಎದ್ದವು. ಮಂಗದಲ್ಲಿ ಕಂಡುದರಿಂದ ಮಂಗನ ಹೆಸರು ಬಂದಿತು. ಮನುಷ್ಯನಲ್ಲಿ ಅದು ಮೊದಲು ಕಾಣಿಸಿದುದು ೧೯೭೦ರಲ್ಲಿ, ಕಾಂಗೋ ದೇಶದ ಒಂಬತ್ತು ತಿಂಗಳ ಶಿಶುವಿನಲ್ಲಿ. ಈ ರೋಗದ ಸಹಜವಾದ ನೆಲೆ ಮಂಗವಲ್ಲ, ಆಫ್ರಿಕದ ಅಳಿಲು ಇಲಿಗಳ ಜಾತಿಯ ಸಣ್ಣ ಪ್ರಾಣಿಗಳಿರಬೇಕೆಂದು ಬಲ್ಲವರ ಅಭಿಪ್ರಾಯ. ೨೦೦೩ರಲ್ಲಿ ಅದು ಅಮೆರಿಕಕ್ಕೆ ಹೋದುದು ಘಾನಾ ದೇಶದಿಂದ ಮಾರಾಟಕ್ಕೆ ತಂದ ಇಂಥ ಪ್ರಾಣಿಗಳ ಜೊತೆಯಲ್ಲಿಯೇ. ೨೦೨೨ರಲ್ಲಿ ರೋಗವು ಮನುಷ್ಯನಿಂದ ಮನುಷ್ಯನಿಗೆ ಹಬ್ಬಿ ಅನೇಕ ದೇಶಗಳನ್ನು ವ್ಯಾಪಿಸಿದಾಗ ಬ್ರೆಜಿಲಿನಲ್ಲಿ ಜನರು ಹೆದರಿ ಮಂಗಗಳಿಗೆ ವಿಷವಿಟ್ಟರು, ಕಲ್ಲೆಸೆದರು. ಹೆಸರೊಂದೇ ಅವುಗಳ ಅಪರಾಧ. ಆ ವರ್ಷದ ನವೆಂಬರ್ ೨೮ರಂದು ವಿಶ್ವ ಆರೋಗ್ಯ ಸಂಸ್ಥೆಯು ‘ಎಂಪಾಕ್ಸ್’ ಎಂಬ ಹೊಸ ಹೆಸರನ್ನು ಪ್ರಕಟಿಸಿ, ಒಂದು ವರ್ಷದೊಳಗೆ ಹಳೆಯದನ್ನು ಬಿಟ್ಟುಬಿಡಬೇಕೆಂದು ಸೂಚಿಸಿತು.

ಈ ವಿಚಾರವು ಬೇರೆಡೆಯಲ್ಲಿ ಬರಿಯ ಮರ್ಯಾದೆಯ ಮಾತಾಗಿರಬಹುದು. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಅದು ಜೀವದ ಮಾತು. ಏಕೆಂದರೆ ಇಲ್ಲಿ ಮಂಗನ ಹೆಸರಿನ ರೋಗಗಳು ಆಗಲೇ ಎರಡಿವೆ. ಕೆನ್ನೆಯ ಕೆಳಗೆ ಊದಿಕೊಳ್ಳುವ ‘ಮಂಗನ ಬಾವು’ ಒಂದು. ಅದು ಮಕ್ಕಳ ರೋಗ, ಮುಖದ ಆಕಾರದಿಂದ ಬಂದ ಹೆಸರು. ಎರಡನೆಯದು ‘ಮಂಗನ ಕಾಯಿಲೆ’. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತುಬಿದ್ದುವು. ಕಾಡಿಗೆ ಹೋಗಿಬಂದ ಜನರೂ ಜ್ವರದಿಂದ ಮಲಗಿದರು. ಆಗ ಪುಣೆಯಲ್ಲಿದ್ದ ವೈರಸ್ ಸಂಶೋಧನಾ ಕೇಂದ್ರದವರು ಅದರ ವೈರಸ್ಸನ್ನು ಪತ್ತೆಹಚ್ಚಿದರು. ರೋಗವನ್ನು ಮನುಷ್ಯನಿಗೆ ಅಂಟಿಸುವುದು ಮಂಗವಲ್ಲ, ಉಣುಗು. ಮಂಗವು ಮನುಷ್ಯನಂತೆಯೇ ಅದರ ಬಲಿ. ೧೯೮೦ರ ದಶಕದ ಮೊದಲಲ್ಲಿ ಇದು ಮೂಡಿಗೆರೆಯ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ ತಾಲ್ಲೂಕಿನಲ್ಲಿ ಬಹು ಮಂದಿಯನ್ನು ಕೊಂದಿತು. ೨೦೨೪ರ ಬೇಸಗೆಯಲ್ಲಿ ಶಿವಮೊಗ್ಗ, ಉತ್ತರ ಕನ್ನಡಗಳಂತೆ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿತು, ಸಾವುಗಳೂ ಆದುವು. ಈ ಸೀಮೆಯಲ್ಲಿ ‘ಮಂಗನ’ ಎಂಬ ಪದವನ್ನು ಕೇಳಿದೊಡನೆ ಜನರ ಮನಸ್ಸು ಕಾಡಿಗೆ, ಉಣುಗಿಗೆ, ಸತ್ತ ಮಂಗಕ್ಕೆ ಹೋಗುತ್ತದೆ. ಹಾಗೆ ಹೋಗಬೇಕೆಂದೇ ಆರೋಗ್ಯ ಇಲಾಖೆಯವರು ಬಹುಕಾಲ ಶ್ರಮಪಟ್ಟು ಕಲಿಸಿದ್ದಾರೆ.

ಇಂತಿರಲು ಮೂರನೆಯದೊಂದು ರೋಗಕ್ಕೆ ‘ಮಂಗನ ಸಿಡುಬು’ ಎಂದು ಹೆಸರಿಟ್ಟು ಹಸ್ತಪತ್ರವನ್ನು ಹಂಚಿದರೆ ಆಗುವುದೇನು? ‘ನಾನು ಕಾಡಿಗೆ ಹೋಗಿಲ್ಲ, ಉಣುಗು ಕಚ್ಚಿಲ್ಲ, ನನಗೆ ಹೇಗೆ ಬಂದೀತು?’ ಎಂದು ತೋಟದ ಆಳು ಗುಳ್ಳೆಗಳನ್ನು ಮುಚ್ಚಿಕೊಂಡು ಕೆಲಸಕ್ಕೆ ಹೋಗುವನು. ಕರಡನ್ನು ಪರೀಕ್ಷೆಗೆಂದು ಒಂದು ತೋಟದಲ್ಲಿ ಓದಿದಾಗ ಮೇಸ್ತ್ರಿಯೊಬ್ಬನು ಇದೇ ಮಾತನ್ನು ಆಡಿದನೆಂದು ಆ ವೈದ್ಯರೇ ನನಗೆ ಹೇಳಿದರು. ವೈದ್ಯನು ತಪ್ಪಿದರೆ ಅದು ಇನ್ನೂ ಕೆಡುಕು. ಮಂಗನ ಕಾಯಿಲೆಗೆ ಕೇಳಬೇಕಾದ ಪ್ರಶ್ನೆ ಒಂದು, ಎಂಪಾಕ್ಸಿಗೆ ಕೇಳಬೇಕಾದ ಪ್ರಶ್ನೆ ಇನ್ನೊಂದು. ಅಲ್ಲಿ ಕಳೆದ ವಾರದಲ್ಲಿ ಕಾಡಿಗೆ ಹೋಗಿದ್ದೆಯಾ, ಸೊಪ್ಪು ಸೌದೆ ತಂದೆಯಾ ಎಂದು ಕೇಳಬೇಕು. ಇಲ್ಲಿ ಕಳೆದ ಇಪ್ಪತ್ತೊಂದು ದಿನಗಳಲ್ಲಿ ಎಲ್ಲಿಂದ ಬಂದೆ, ಗುಳ್ಳೆಯಿದ್ದ ಯಾರ ಮೈ ಸೋಂಕಿತು ಎಂದು ಕೇಳಬೇಕು. ಅಲ್ಲಿ ಒಮ್ಮೆಲೇ ಏರುವ ಜ್ವರ, ಸಹಿಸಲಾಗದ ತಲೆನೋವು ಮೈನೋವು, ಕೆಲವರಲ್ಲಿ ರಕ್ತಸ್ರಾವ, ಗುಳ್ಳೆಯ ಮಾತಿಲ್ಲ. ಇಲ್ಲಿ ಗುಳ್ಳೆಯೇ ಮುಖ್ಯ. ಅಲ್ಲಿ ರಕ್ತವನ್ನು ತೆಗೆದು ಶಿವಮೊಗ್ಗದ ಪ್ರಯೋಗಶಾಲೆಗೆ ಕಳಿಸಬೇಕು; ಇಲ್ಲಿ ಗುಳ್ಳೆಯಿಂದಲೇ ಮಾದರಿಯನ್ನು ತೆಗೆಯಬೇಕು. ಅದು ಮನುಷ್ಯನಿಂದ ಮನುಷ್ಯನಿಗೆ ಹಬ್ಬುವುದಿಲ್ಲ, ಇದು ಹಬ್ಬುತ್ತದೆ. ಒಂದು ವಿಭಕ್ತಿಪ್ರತ್ಯಯದ ದೆಸೆಯಿಂದ ಇಷ್ಟು ಗೊಂದಲ! ಆದುದರಿಂದ ಮೊದಲನೆಯ ಕೋರಿಕೆಗೆ ನನ್ನ ಉತ್ತರವು ನಿಸ್ಸಂದಿಗ್ಧವಾಗಿದೆ. ಎಂಪಾಕ್ಸ್ ಎಂಬುದನ್ನು ಹಾಗೆಯೇ ಬಳಸತಕ್ಕದ್ದು. ಕಾಫಿ ಎಂಬ ಪದವನ್ನು ನಾವು ಅನುವಾದಿಸಿಕೊಂಡೆವೇ?

ಎರಡನೆಯ ಕೋರಿಕೆಯು ನನ್ನನ್ನು ಹೆಚ್ಚು ಕಾಡಿತು. ಶ್ಲೋಕವನ್ನು ಕಟ್ಟಿ ಹಳೆಯದೆಂದು ಹೇಳುವ ಕೆಲಸವನ್ನು ಇದೇ ಸಿಡುಬಿನ ವಿಷಯದಲ್ಲಿ ಇನ್ನೂರು ವರ್ಷಗಳ ಹಿಂದೆ ಒಬ್ಬರು ಮಾಡಿದ್ದರು. ಅವರು ಸಾಮಾನ್ಯರಲ್ಲ. ಮದರಾಸಿನ ಕಲೆಕ್ಟರರಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬವರ ಹೆಸರನ್ನು ಕನ್ನಡದ ವಿದ್ವಾಂಸರು ಗೌರವದಿಂದ ನೆನೆಯುತ್ತಾರೆ. ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತಜನ್ಯವಲ್ಲದ ಬೇರೊಂದು ಕುಲಕ್ಕೆ ಸೇರಿದುವೆಂದು ೧೮೧೬ರಲ್ಲಿ, ಕಾಲ್ಡ್‌ವೆಲ್ಲರಿಗೆ ನಲವತ್ತು ವರ್ಷ ಮುಂಚೆ, ತೋರಿಸಿಕೊಟ್ಟವರು ಅವರು. ಯಜುರ್ವೇದವೆಂಬ ಹೆಸರಿನಲ್ಲಿ ಯೂರೋಪಿನಲ್ಲಿ ಮೆರೆಯುತ್ತಿದ್ದ ಗ್ರಂಥವೊಂದು ಕೂಟಕೃತಿಯೆಂದು ಸಾಧಿಸಿದವರೂ ಅವರೇ. ಅಂಥವರು ಗೋವಿನ ಕೆಚ್ಚಲಿನ ಗುಳ್ಳೆಯಿಂದ ಮಾಡುವ ಲಸಿಕೆಯ ಮೇಲೆ ಸಂಸ್ಕೃತದಲ್ಲಿ ಒಂದು ಚಿಕ್ಕ ಪದ್ಯಕೃತಿಯನ್ನು ರಚಿಸಿ, ಹಳೆಯ ಕಾಗದದ ಮೇಲೆ ಬರೆಯಿಸಿ, ಎಲ್ಲಿಯೋ ದೊರೆತುದೆಂದು ಹೇಳಿಸಿದರೆಂದು ಸರ್ ಜಾನ್ ಮಾಲ್ಕಮ್ ದಾಖಲಿಸಿದ್ದಾರೆ. ಬ್ರಾಹ್ಮಣರು ಪ್ರಾಚೀನವೆಂದರೆ ನಂಬಿಯಾರು, ಮಕ್ಕಳ ತೋಳಿಗೆ ಲಸಿಕೆ ಬಿದ್ದೀತು ಎಂಬುದು ಅವರ ಉದ್ದೇಶ. ನಮ್ಮ ತರುಣ ವೈದ್ಯರ ಉದ್ದೇಶವೂ ಇದೇ ಅಲ್ಲವೇ?

ಅನಂತರ ೧೮೧೯ರ ಜನವರಿಯಲ್ಲಿ ‘ಮದ್ರಾಸ್ ಕೊರಿಯರ್’ ಎಂಬ ಪತ್ರಿಕೆಯಲ್ಲಿ ಒಂದು ಕಾಗದವು ಅಚ್ಚಾಯಿತು. ಧನ್ವಂತರಿಯದೆನ್ನಲಾದ ‘ಸಾಕ್ತೇಯ’ವೆಂಬ ಗ್ರಂಥದಲ್ಲಿ ಗೋವಿನ ಗುಳ್ಳೆಯ ರಸವನ್ನು ಸೂಜಿಮೊನೆಯಿಂದ ತೋಳಿಗೆ ಸೇರಿಸುವ ವಿಧಾನವು ಹೇಳಲ್ಪಟ್ಟಿದೆಯೆಂದು ಅದರಲ್ಲಿದ್ದಿತು. ಅಂಥ ಗ್ರಂಥವು ಯಾವ ಭಂಡಾರದಲ್ಲಿಯೂ ದೊರೆತಿಲ್ಲ. ಪತ್ರಿಕೆಯ ಮಾತು ಮಾತ್ರ ಯೂರೋಪಿಗೆ ಹೋಗಿ, ಪುಸ್ತಕದಿಂದ ಪುಸ್ತಕಕ್ಕೆ ಹಾರಿ, ಜೆನ್ನರರಿಗಿಂತ ಸಾವಿರಾರು ವರ್ಷ ಮುಂಚೆ ಭಾರತೀಯರು ಲಸಿಕೆಯನ್ನು ಬಲ್ಲವರಾಗಿದ್ದರೆಂಬ ವಾದಕ್ಕೆ ಆಧಾರವಾಗಿ ನಮ್ಮಲ್ಲಿಗೇ ಹಿಂದಿರುಗಿತು. ೧೯೮೭ರಲ್ಲಿ ಡೊಮಿನಿಕ್ ವುಯಾಸ್ಟಿಕ್ ಎಂಬ ಪಂಡಿತರು ಇಡೀ ವೃತ್ತಾಂತವನ್ನು ಶೋಧಿಸಿ, ಇದು ಸದುದ್ದೇಶದಿಂದ ಮಾಡಿದ ವಂಚನೆಯೆಂದು ತೋರಿಸಿದ್ದಾರೆ. ಆದರೂ ಸಭೆಗಳಲ್ಲಿ ಆ ವಾದವನ್ನು ನಾನು ಈಗಲೂ ಕೇಳುತ್ತಿರುತ್ತೇನೆ. ಒಮ್ಮೆ, ಇಪ್ಪತ್ತೈದು ವರ್ಷಗಳ ಹಿಂದೆ, ಮೂಲವನ್ನು ಪರೀಕ್ಷಿಸದೆ ನಾನೇ ಅದನ್ನು ಒಂದು ಉಪನ್ಯಾಸದಲ್ಲಿ ಹೇಳಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಎಲ್ಲಿಸರು ಮಕ್ಕಳನ್ನು ಉಳಿಸಲು ಮಾಡಿದ ಪದ್ಯದಿಂದ ಎಷ್ಟು ಮಕ್ಕಳು ಉಳಿದರೋ ತಿಳಿಯದು. ಪಾಠಶಾಲೆಗಳಲ್ಲಿ ಓದಿದ ನನ್ನಂಥವರನ್ನು ಮಾತ್ರ ಅಂಥ ಮಾತು ದಾರಿತಪ್ಪಿಸಿದುದು ನಿಶ್ಚಯ.

ಇದೇ ಕಾಲದಲ್ಲಿ ಮೈಸೂರಿನಲ್ಲಿ ಏನಾಯಿತೆಂಬುದನ್ನು ಹೋಲಿಸಿ ನೋಡಬೇಕು. ಜೆನ್ನರರ ಪುಸ್ತಕವು ಪ್ರಕಟವಾದುದು ೧೭೯೮ರಲ್ಲಿ. ಲಸಿಕೆಯ ರಸವು ಬಾಗ್ದಾದು ಬಸ್ರಾಗಳ ಮೂಲಕ ಮುಂಬಯಿಗೆ ಬಂದು, ೧೮೦೨ರ ಜೂನ್ ೧೪ರಂದು ಅಲ್ಲಿ ಮೂರು ವರ್ಷದ ಹುಡುಗಿಯೊಬ್ಬಳ ತೋಳಿನಲ್ಲಿ ಮೊದಲ ಬಾರಿಗೆ ಫಲಿಸಿತು. ಅಲ್ಲಿಂದ ಮುಂದಕ್ಕೆ ಅದು ಸೀಸೆಯಲ್ಲಿ ಹೋಗಲಿಲ್ಲ. ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿಸುತ್ತ ಊರಿಂದೂರಿಗೆ ಒಯ್ಯಬೇಕಾಗಿತ್ತು. ಯಾರ ಮೈಯ ರಸವು ಯಾರ ಮೈಗೆ ಸೇರುವುದೆಂಬ ಪ್ರಶ್ನೆಯು ಜಾತಿಮರ್ಯಾದೆಯ ದೇಶದಲ್ಲಿ ಎಷ್ಟು ತೊಡಕಿನದೆಂಬುದನ್ನು ವಿವರಿಸಬೇಕಾಗಿಲ್ಲ. ೧೮೦೫ರಲ್ಲಿ ಚಿತ್ರಕಾರ ಥಾಮಸ್ ಹಿಕಿ ಮೈಸೂರಿಗೆ ಬಂದನು. ಅವನು ಬರೆದ ಮೂವರು ಸ್ತ್ರೀಯರ ದೊಡ್ಡ ತೈಲಚಿತ್ರವೊಂದಿದೆ. ೨೦೦೭ರಲ್ಲಿ ಅದು ಲಂಡನ್ನಿನಲ್ಲಿ ಹರಾಜಿಗೆ ಬಂದಿದ್ದಿತು. ಬಹುಕಾಲ ಅವರನ್ನು ನರ್ತಕಿಯರೆಂದು ತಿಳಿದಿದ್ದರು. ನೈಜಲ್ ಚಾನ್ಸಲರ್ ಎಂಬ ಇತಿಹಾಸಕಾರರ ಮತದಂತೆ ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ರಾಣಿಯರು ಮತ್ತು ನಡುವೆ ನಿಂತಿರುವವರು ರಾಜಮಾತೆ ಲಕ್ಷ್ಮಮ್ಮಣ್ಣಿಯವರು. ಬಲಗಡೆಯ ಕಿರಿಯ ರಾಣಿಯು ಸೆರಗನ್ನು ಸರಿಸಿ ಎಡದ ತೋಳನ್ನು ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಜನರಿಗೆ ತಿಳಿಸುವುದಕ್ಕೆಂದು ಅವರ ಅಭಿಪ್ರಾಯ. ಎಲ್ಲರೂ ಇದನ್ನು ಒಪ್ಪಿದ್ದಾರೆಂದು ಹೇಳಲಾರೆನು. ಅಂತಃಪುರದ ಸ್ತ್ರೀಯರು ಪರದೇಶದ ಚಿತ್ರಕಾರನ ಮುಂದೆ ಹೀಗೆ ನಿಂತರೇ ಎಂಬ ಸಂಶಯ ನನಗೂ ಉಂಟು. ಚಾನ್ಸಲರರ ಮತವು ನಿಂತರೆ, ಮದರಾಸಿನಲ್ಲಿ ಪಂಡಿತನು ಹಳೆಯ ಕಾಗದವನ್ನು ಹುಡುಕುತ್ತಿದ್ದ ದಿನಗಳಿಗೆ ಮೊದಲೇ ಮೈಸೂರಿನಲ್ಲಿ ಹೊಸ ಚಿಕಿತ್ಸೆಗೆ ಒಬ್ಬ ಹುಡುಗಿಯ ತೋಳೇ ಪ್ರಮಾಣವಾಗಿ ನಿಂತಿದ್ದಿತೆಂದಾಗುತ್ತದೆ. ಸುಳ್ಳು ಶಬ್ದಪ್ರಮಾಣಕ್ಕಿಂತ ಈ ಪ್ರತ್ಯಕ್ಷವು ಬಲವಾದುದೆಂದು ನಮ್ಮ ತಾರ್ಕಿಕರಿಗೆ ಹೇಳಬೇಕಾದುದಿಲ್ಲ.

ಭಯಪಡಿಸಿ ತಪಾಸಣೆ ಮಾಡಿದುದರ ಫಲವನ್ನೂ ಇದೇ ಸಂಸ್ಥಾನವು ಕಂಡಿದೆ. ೧೮೯೮ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ನಿಲ್ದಾಣಗಳಲ್ಲಿ ಪ್ರಯಾಣಿಕರ ಕಂಕುಳನ್ನು ಮುಟ್ಟಿ ನೋಡುವುದು, ರೋಗಿಗಳನ್ನು ಮನೆಯಿಂದ ಎಳೆದೊಯ್ಯುವುದು, ನಂಟರನ್ನು ಶಿಬಿರಕ್ಕೆ ಹಾಕುವುದು ಇವೆಲ್ಲ ನಡೆದುವು. ಜನರು ರೋಗಿಗಳನ್ನು ಅಡಗಿಸಿಟ್ಟರು. ಶ್ರೀರಂಗಪಟ್ಟಣದ ಹತ್ತಿರ ಗಂಜಾಮಿನಲ್ಲಿ ದೊಂಬಿಯೇ ಆಯಿತು.

ಸಿಡುಬು ಅಳಿದುದು ಮಾತ್ರ ಬೇರೆ ರೀತಿಯಲ್ಲಿ. ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಮೊದಲು ಎಲ್ಲರಿಗೂ ಲಸಿಕೆ ಹಾಕುವುದನ್ನೇ ನೆಚ್ಚಿಕೊಂಡಿತ್ತು. ಅದು ಸಾಲದೆಂದು ತಿಳಿದಮೇಲೆ, ೧೯೭೩ರಿಂದೀಚೆಗೆ, ಮನೆಮನೆಗೆ ಹೋಗಿ ರೋಗಿಯನ್ನು ಹುಡುಕಿ, ಅವನ ಸುತ್ತಣವರಿಗೆ ಲಸಿಕೆ ಹಾಕಿ ಬೇಲಿ ಕಟ್ಟುವ ಕ್ರಮವು ಬಲವಾಯಿತು. ಆಗ ಕಾರ್ಯಕರ್ತರ ಕೈಯಲ್ಲಿ ಒಂದು ಚಿತ್ರದ ಚೀಟಿ ಇರುತ್ತಿತ್ತು: ಮೈತುಂಬ ಸಿಡುಬೆದ್ದ ಮಗುವಿನ ಚಿತ್ರ. ‘ಸಿಡುಬು ಇದೆಯೇ’ ಎಂದು ಅವರು ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಒಂದೊಂದು ಭಾಷೆಯಲ್ಲಿ ಒಂದೊಂದು ಉತ್ತರ ಬರುತ್ತಿತ್ತು. ಚಿತ್ರವನ್ನು ತೋರಿಸಿ, ‘ಹೀಗಿರುವವರನ್ನು ಕಂಡಿದ್ದೀರಾ’ ಎಂದು ಕೇಳುತ್ತಿದ್ದರು. ಕೊನೆಯಲ್ಲಿ, ರೋಗಿಯನ್ನು ತೋರಿಸಿದವರಿಗೆ ಸಾವಿರ ರೂಪಾಯಿಗಳ ಬಹುಮಾನವನ್ನೂ ಸಾರಿದರು. ೧೯೭೫ರ ಮೇ ತಿಂಗಳಿನ ಅನಂತರ ಭಾರತದಲ್ಲಿ ಸಿಡುಬು ಕಾಣಲಿಲ್ಲ. ೧೯೮೦ರ ಮೇ ೮ರಂದು ಅದು ಲೋಕದಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಭೆಯು ಸಾರಿತು. ಮಾಧವಕರನ ಕ್ರಮವನ್ನು ಆ ಕಾರ್ಯಕರ್ತರು ಓದಿರಲಿಲ್ಲ. ಆದರೆ ಹೆಸರನ್ನು ಬಿಟ್ಟು ಲಕ್ಷಣವನ್ನು ಹಿಡಿದುದೇ ಅವರ ಗೆಲುವಿನ ಗುಟ್ಟುಗಳಲ್ಲಿ ಒಂದು.

ಈ ಗೆಲುವಿಗೆ ಒಂದು ಬಾಲವುಂಟು. ಸಿಡುಬು ಹೋದಮೇಲೆ ಲಸಿಕೆಯೂ ನಿಂತಿತು. ನನ್ನ ಎಡದ ತೋಳಿನ ಮೇಲೆ ಶೈಶವದಲ್ಲಿ ಹಾಕಿಸಿದ ಲಸಿಕೆಯ ದುಂಡನೆಯ ಕಲೆ ಈಗಲೂ ಇದೆ. ಆ ವೈದ್ಯರ ತೋಳಿನಲ್ಲಿ ಇಲ್ಲ. ಸಿಡುಬಿನ ಲಸಿಕೆಯು ಅದರ ದಾಯಾದಿಯಾದ ಎಂಪಾಕ್ಸನ್ನೂ ನೂರಕ್ಕೆ ಸುಮಾರು ಎಂಬತ್ತೈದರಷ್ಟು ತಡೆಯುತ್ತಿದ್ದಿತೆಂದು ೧೯೮೦ರ ದಶಕದಲ್ಲಿ ಕಾಂಗೋ ದೇಶದಲ್ಲಿ ನಡೆದ ಶೋಧನೆಯಿಂದ ತಿಳಿದುಬಂದಿತ್ತು. ಕಲೆಯಿಲ್ಲದ ತೋಳಿನವರೇ ಈಗ ತೋಟಗಳಲ್ಲಿ ಹೆಚ್ಚು ಮಂದಿ.

ರೋಗವು ಈ ಗಿರಿಗೆ ಎಷ್ಟು ಹತ್ತಿರವಿದೆಯೆಂದರೆ, ಭಾರತದ ಮೊದಲ ರೋಗಿ ೨೦೨೨ರ ಜುಲೈಯಲ್ಲಿ ಕೇರಳದಲ್ಲಿ ಕಂಡುಬಂದರು. ೨೦೨೪ರ ಸೆಪ್ಟೆಂಬರಿನಲ್ಲಿ, ಹೆ‍ಚ್ಚು ಕಳವಳಕ್ಕೆ ಕಾರಣವಾದ ಹೊಸ ಕವಲು ಅದೇ ರಾಜ್ಯದಲ್ಲಿ ಗುರುತಾಯಿತು. ೨೦೨೫ರ ಜನವರಿಯಲ್ಲಿ ದುಬೈಯಿಂದ ಮಂಗಳೂರಿಗೆ ಬಂದಿಳಿದ ಒಬ್ಬರಿಗೆ ಈ ರೋಗವಿರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ದೃಢಪಡಿಸಿತು. ಮಂಗನ ಕಾಯಿಲೆಯನ್ನು ಕಂಡುಹಿಡಿದ ಸಂಸ್ಥೆಯೇ ಇದು, ಹೆಸರು ಮಾತ್ರ ಬದಲಾಗಿದೆ. ಮಂಗಳೂರಿನಿಂದ ಚಾರ್ಮಾಡಿ ಘಟ್ಟವನ್ನು ಹತ್ತಿದರೆ ಮೂಡಿಗೆರೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೪ರ ಆಗಸ್ಟಿನಲ್ಲಿ ಸಾರಿದ್ದ ತುರ್ತುಸ್ಥಿತಿಯನ್ನು ೨೦೨೫ರ ಸೆಪ್ಟೆಂಬರಿನಲ್ಲಿ ಹಿಂತೆಗೆದುಕೊಂಡಿತು, ರೋಗವು ಹಿಂದೆಗೆದಿಲ್ಲ. ಮಕ್ಕಾ ಯಾತ್ರೆಯಿಂದ ಮರಳಿದ ಬಾಬಾಬುಡನ್ ಏಳು ಕಾಫಿ ಬೀಜಗಳನ್ನು ತಂದು ಈ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟನೆಂಬ ಐತಿಹ್ಯವನ್ನು ಅರಿಯದವರಿಲ್ಲ. ಅಂದಿನಿಂದಲೂ ಇದು ದೂರದವರು ಬಂದುಹೋಗುವ ಬೆಟ್ಟ. ಮೊದಲು ಘಟ್ಟದ ಕೆಳಗಿನವರೂ ತಮಿಳರೂ ತೋಟದ ಕೆಲಸಕ್ಕೆ ಬರುತ್ತಿದ್ದರು. ಈಗ ಅಸ್ಸಾಮು, ಬಂಗಾಳಗಳಿಂದ ಬರುತ್ತಾರೆ. ಇದನ್ನು ಹೇಳುವಾಗ, ಬಂದವರನ್ನೇ ರೋಗವೆಂದು ತಿಳಿಯುವ ಬುದ್ಧಿಗೆ ನಾನು ಆಸ್ಪದ ಕೊಡುವುದಿಲ್ಲ. ಮಂಗಳೂರಿನ ರೋಗವು ಬಂದುದು ವಿಮಾನದಲ್ಲಿ, ಆಳುಗಳ ರೈಲುಗಾಡಿಯಲ್ಲಲ್ಲ.

ಇನ್ನು ಆರೋಗ್ಯ ಕೇಂದ್ರದಲ್ಲಿ ಮಾಡತಕ್ಕುದೇನು? ಇದು ನನ್ನ ವಿದ್ಯೆಯಲ್ಲ. ಆ ವೈದ್ಯರು ನನಗೆ ತೋರಿಸಿದ ಕೇಂದ್ರ ಸರ್ಕಾರದ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳ ಸಾರವನ್ನು ಮಾತ್ರ ಹೇಳುತ್ತೇನೆ. ಸೋಂಕಿದಮೇಲೆ ರೋಗವು ಹೊರಬೀಳಲು ಸಾಮಾನ್ಯವಾಗಿ ಒಂದೆರಡು ವಾರ, ಹೆಚ್ಚೆಂದರೆ ಇಪ್ಪತ್ತೊಂದು ದಿನ ಹಿಡಿಯುತ್ತದೆ. ಜ್ವರ, ಮೈನೋವು, ಬಹಳ ಆಯಾಸ. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಗಂಟು ಊದುವುದು. ಆಮೇಲೆ, ಕೆಲವರಲ್ಲಿ ಮೊದಲೇ, ಗುಳ್ಳೆ. ಸೀತಾಳೆಯಲ್ಲಿ ಗುಳ್ಳೆಗಳು ಎದೆಬೆನ್ನಿನ ಮೇಲೆ ಹೆಚ್ಚು. ಒಂದು ಮಾಗುವಾಗ ಇನ್ನೊಂದು ಹುಟ್ಟುತ್ತಿರುತ್ತದೆ. ಗಂಟಿನ ಊತ ವಿರಳ. ಎಂಪಾಕ್ಸಿನಲ್ಲಿ ಒಂದೆಡೆಯ ಗುಳ್ಳೆಗಳು ಬಹುಮಟ್ಟಿಗೆ ಒಂದೇ ಹದದಲ್ಲಿ ಸಾಗುತ್ತವೆ, ಅಂಗೈ ಅಂಗಾಲುಗಳನ್ನೂ ಬಿಡುವುದಿಲ್ಲ. ಆದರೆ ೨೦೨೨ರಿಂದೀಚೆಗೆ ಗುಹ್ಯಸ್ಥಾನದಲ್ಲಿ ಒಂದೆರಡೇ ಗುಳ್ಳೆಗಳೆದ್ದು ನಿಂತುಬಿಡುವುದೂ ಬಹಳವಾಗಿ ಕಂಡಿದೆ. ರೋಗವು ಹೆಚ್ಚಾಗಿ ಹಬ್ಬಿದುದೂ ಲೈಂಗಿಕ ಸಂಪರ್ಕದಿಂದಲೇ. ಇದನ್ನು ಬರೆಯಲು ಪಂಡಿತನಿಗೆ ಸಂಕೋಚವಾದರೆ, ಕೇಳಲು ವೈದ್ಯನಿಗೆ ಸಂಕೋಚವಾದರೆ, ಹೇಳಲು ರೋಗಿಗೆ ಎಷ್ಟಾಗಬೇಡ! ಬೇರೆ ಯಾರೂ ಇಲ್ಲದ ಕೋಣೆಯಲ್ಲಿ, ಧಿಕ್ಕಾರದ ಮುಖವಿಲ್ಲದೆ ಕೇಳತಕ್ಕದ್ದು. ಎಚ್‌ಐವಿ ಇದ್ದು ಮೈಯ ಬಲ ಕುಗ್ಗಿದವರಲ್ಲಿ ರೋಗವು ಉಗ್ರವಾಗುವುದರಿಂದ ಆ ಪರೀಕ್ಷೆಯನ್ನೂ ಮಾಡಿಸಲು ಹೇಳುತ್ತಾರೆ.

ಶಂಕೆ ಬಂದವನನ್ನು ಸಾಲಿನಲ್ಲಿ ಕೂರಿಸದೆ ಪ್ರತ್ಯೇಕವಾದ ಕೋಣೆಗೆ ಕರೆದೊಯ್ಯಬೇಕು. ಮುಟ್ಟುವವರಿಗೆ ಕೈಗವಸು, ಮೇಲಂಗಿ, ಒಳ್ಳೆಯ ಮುಖಗವಸು, ಕಣ್ಣಿನ ರಕ್ಷೆ ಇರಬೇಕು. ಗುಳ್ಳೆಯ ಮೇಲ್ಪದರ, ದ್ರವ, ಬುಡ, ಉದುರುವ ಹಕ್ಕಳೆ ಇವುಗಳ ಮಾದರಿಯನ್ನು ತೆಗೆದು, ತಂಪಿನಲ್ಲಿಟ್ಟು, ಜಿಲ್ಲೆಯ ಅಧಿಕಾರಿಗಳ ಮೂಲಕ ನೇಮಕವಾದ ಪ್ರಯೋಗಶಾಲೆಗೆ ಕಳಿಸಬೇಕು. ಅಲ್ಲಿ ಪಿಸಿಆರ್ ಎಂಬ ಪರೀಕ್ಷೆಯಿಂದ ನಿಶ್ಚಯವಾಗುತ್ತದೆ. ಮಾದರಿಯ ಜೊತೆಯ ಕಾಗದದಲ್ಲಿ ‘ಮಂಗನ’ ಎಂಬ ಪದವೇ ಬರಕೂಡದು. ಎಲ್ಲ ಹಕ್ಕಳೆಗಳೂ ಉದುರಿ ಕೆಳಗೆ ಹೊಸ ಚರ್ಮ ಬರುವವರೆಗೆ ರೋಗಿಯು ಬೇರೆ ಇರಬೇಕು. ಸಂಪರ್ಕವಾದವರನ್ನು ಇಪ್ಪತ್ತೊಂದು ದಿನ ನೋಡುತ್ತಿರಬೇಕು. ಹಾಸಿಗೆ ಬಟ್ಟೆಗಳನ್ನು ಕೊಡವಬಾರದು. ಹೊಸ ಲಸಿಕೆಗಳಿವೆ, ಆದರೆ ನಮ್ಮ ದೇಶದಲ್ಲಿ ಸಾರ್ವಜನಿಕವಾಗಿ ಹಾಕುತ್ತಿಲ್ಲ.

ಇಲ್ಲಿ ಲೈನುಮನೆಗಳ ವಿಷಯವನ್ನು ಹೇಳದಿದ್ದರೆ ಮೇಲಿನ ಪಂಕ್ತಿಗಳೆಲ್ಲ ಕಾಗದದ ಮೇಲಣ ಧರ್ಮವಾಗುತ್ತವೆ. ಒಂದು ಕೋಣೆಯಲ್ಲಿ ಐದಾರು ಮಂದಿ, ಒಂದೇ ಬಚ್ಚಲು, ಜಡಿಮಳೆಯಲ್ಲಿ ಒಲೆಯ ಮೇಲೆ ಒಟ್ಟಿಗೆ ಒಣಗುವ ಕಂಬಳಿಗಳು. ‘ಬೇರೆ ಇರು’ ಎಂದರೆ ಎಲ್ಲಿ ಇರಬೇಕು? ದಿನಗೂಲಿಯವನಿಗೆ ಮೂರು ವಾರದ ಕೂಲಿಯನ್ನು ಯಾರು ಕೊಡಬೇಕು? ಕೊಡದಿದ್ದರೆ ಅವನು ಗುಳ್ಳೆಯನ್ನು ಮುಚ್ಚಿಕೊಳ್ಳುವನು. ಗಂಜಾಮಿನವರು ಬಾಗಿಲನ್ನು ಮುಚ್ಚಿಕೊಂಡಂತೆಯೇ. ಒಂದು ಖಾಲಿ ಕೋಣೆ, ಒಂದು ಚಾಪೆ ಕಂಬಳಿ, ಅರ್ಧ ಕೂಲಿ ಇಷ್ಟನ್ನು ಒದಗಿಸಲು ಇಬ್ಬರು ತೋಟದ ಯಜಮಾನರು ಒಪ್ಪಿದ್ದಾರೆಂದು ವೈದ್ಯರು ಮೊನ್ನೆ ತಿಳಿಸಿದರು. ಮೂರನೆಯವರು ‘ಬಂದಾಗ ನೋಡೋಣ’ ಎಂದರಂತೆ.

ಹಸ್ತಪತ್ರವು ಈಗ ಬದಲಾಗಿದೆ. ತಲೆಯ ಮೇಲೆ ಶ್ಲೋಕವಿಲ್ಲ. ಅಂಗೈಯ ಮೇಲೆ ಗುಳ್ಳೆಗಳೆದ್ದ ಚಿತ್ರವಿದೆ. ಅದರ ಕೆಳಗೆ ‘ಹೀಗಾದರೆ ಬನ್ನಿ, ಕೂಲಿ ಹೋಗುವುದಿಲ್ಲ’ ಎಂದಿದೆ. ಎರಡನೆಯ ವಾಕ್ಯವನ್ನು, ಒಪ್ಪಿಕೊಂಡ ಆ ಎರಡು ತೋಟಗಳಲ್ಲಿ ಹಂಚುವ ಪ್ರತಿಗಳಲ್ಲಿ ಮಾತ್ರ ಅಚ್ಚುಹಾಕಿಸಿದ್ದಾರೆ. ಕನ್ನಡ ಓದಲಾರದವರಿಗಾಗಿ ಅಸ್ಸಾಮೀ, ಬಂಗಾಳಿ ಭಾಷೆಗಳಲ್ಲಿಯೂ ಅದನ್ನು ಬರೆಯಿಸಬೇಕಾಗಿದೆ. ಆ ಭಾಷೆಗಳಲ್ಲಿ ಸೀತಾಳೆ, ದಡಾರ, ಸಿಡುಬುಗಳಿಗೆ ಮನೆಯ ಮಾತಿನಲ್ಲಿ ನಡೆಯುವ ಹೆಸರುಗಳನ್ನೂ, ಅವುಗಳಲ್ಲಿ ಯಾವುದು ಯಾವ ರೋಗಕ್ಕೆ ತಪ್ಪಾಗಿ ಅನ್ವಯಿಸಬಹುದೆಂಬುದನ್ನೂ ಬಲ್ಲ ವಾಚಕರು ಈ ಪತ್ರಿಕೆಯ ಮೂಲಕ ತಿಳಿಸಿದರೆ ನಾನೂ ಆ ವೈದ್ಯರೂ ಉಪಕೃತರಾಗುವೆವು.